ಪಾಕೀಟಿನ ಮೇಲಿನ ಮಾತು

ಬಾಣಾವರದ ಸ್ಟೇಷನ್ ರಸ್ತೆಯಲ್ಲಿ
ಇಪ್ಪತ್ತಾರು ವರ್ಷದಿಂದ ಅಂಗಡಿ ಇಟ್ಟವನು ನಾನು.
ಸೋಪು ಕರಗಿತು, ಬ್ರಷ್ಷು ಉದುರಿತು, ಬೇಳೆಯಲ್ಲಿ ಹುಳು ಎಂದು
ಬಾಗಿಲು ತೆಗೆಯುವ ಮೊದಲೇ ಬಂದು ನಿಂತವರನ್ನು ಕಂಡಿದ್ದೇನೆ.
ಸರಿಯಾಗಿದೆ ಎಂದು ಹೇಳಲು
ಬಿಸಿಲಲ್ಲಿ ಒಂದೂವರೆ ಮೈಲಿ ನಡೆದು ಬಂದವಳು
ರುದ್ರಾಣಮ್ಮ ಒಬ್ಬಳೇ.

ರೈಲ್ವೆ ಗೇಟು ಕಾಯುವವಳು.
ಗಂಡ ಹೋದ ಮೇಲೆ ಸಿಕ್ಕ ಕೆಲಸ.
ಎರಡು ಬಾವುಟ, ಒಂದು ಫೋನು, ಒಂದು ರಿಜಿಸ್ಟರು.
ಅದರಲ್ಲಿ ಗಾಡಿ ಬರಬೇಕಾದ ಹೊತ್ತಿಗೊಂದು ಕಾಲಂ,
ಬಂದ ಹೊತ್ತಿಗೊಂದು.
ಎರಡೂ ಒಂದೇ ಆದ ದಿನ ಕಡಿಮೆ.

"ಶೆಟ್ರೇ, ಆ ಸೊಳ್ಳೆ ಬತ್ತಿ ಕೊಟ್ರಲ್ಲ,
ಎಂಟು ಗಂಟೆ ಉರೀತದೆ ಅಂತ ಬರ್ದವ್ರೆ.
ರಾತ್ರಿ ಹತ್ತೂ ಐದಕ್ಕೆ ಪ್ಯಾಸೆಂಜರ್ ಬಿಟ್ಟು ಹಚ್ಚಿದೆ.
ಬೆಳಿಗ್ಗೆ ಆರೂ ಹನ್ನೊಂದಕ್ಕೆ ಗೂಡ್ಸು ಬಂತು, ಆಗ ಕೊನೇ ಬೂದಿ ಬಿತ್ತು.
ಆರು ನಿಮಿಷ ಜಾಸ್ತೀನೇ ಕೊಟ್ಟವ್ರೆ."

ಆಮೇಲೆ ಬೆಂಕಿಪೊಟ್ಟಣ. ಐವತ್ತು ಕಡ್ಡಿ ಎಂದಿತ್ತು.
ಐವತ್ತೊಂದಿದ್ದವು. ಒಂದಕ್ಕೆ ಮದ್ದಿರಲಿಲ್ಲ,
ಅದನ್ನು ಆಕೆ ಲೆಕ್ಕಕ್ಕೆ ಹಿಡಿಯಲಿಲ್ಲ.
ಪಾತ್ರೆ ಸಾಬೂನು "ಕೊನೆಯ ಚೂರಿನವರೆಗೂ ನೊರೆ" ಎಂದಿತ್ತು.
ಕೊನೆಯ ಚೂರನ್ನೇ ಕಾಗದದಲ್ಲಿ ಸುತ್ತಿ ತಂದಳು,
ಹುಣಸೆಬೀಜದಷ್ಟು.
ನನ್ನ ಟೀ ಲೋಟ ತೆಗೆದುಕೊಂಡು ನಲ್ಲಿಯಲ್ಲಿ ತೊಳೆದು
ಬೆಳಕಿಗೆ ಹಿಡಿದಳು.

ಅಂಟಿನ ಕತೆ ಬೇರೆ. ಉಪ್ಪಿನಕಾಯಿ ಜಾಡಿಯ ಮುರಿದ ಕಿವಿ ಅಂಟಿಸಿದ್ದಳು.
"ಆಮೇಲೆ ಕೈ ಜಾರಿ ಬಿತ್ತು ಶೆಟ್ರೇ. ಜಾಡಿ ಆರು ಚೂರಾಯ್ತು.
ಆ ಕಿವಿ ಮಾತ್ರ
ತನ್ನ ಪಾಲಿನ ಚೂರನ್ನ ಹಿಡ್ಕೊಂಡೇ ಇತ್ತು."
ಇಷ್ಟು ಹೇಳಿ ಯಾಕೋ ಸುಮ್ಮನಾದಳು.
ನಾನು ಸಕ್ಕರೆ ಪೊಟ್ಟಣಕ್ಕೆ
ಬೇಕಾದ್ದಕ್ಕಿಂತ ಎರಡು ಸುತ್ತು ಹೆಚ್ಚು ದಾರ ಸುತ್ತಿದೆ.

"ಅವರಿಗೆ ತಿಳಿಸಬೇಕು" ಎಂದಳು ಒಂದು ದಿನ.
"ಯಾರಿಗೆ?"
"ಮಾಡಿದವರಿಗೆ. ಸುಳ್ಳು ಹೇಳಿದ್ರೆ ಬಯ್ಯೋಕೆ ನಂಬರ್ ಕೊಟ್ಟವ್ರೆ.
ನಿಜ ಹೇಳಿದ್ರೆ ಎಲ್ಲಿಗೆ ಮಾಡೋದು?"
ಬತ್ತಿಯ ಪಾಕೀಟು ತಿರುಗಿಸಿ ನೋಡಿದೆ.
ದೂರುಗಳಿಗೆ ಎಂದು ಒಂದು ವಿಳಾಸ. ಬೇರೇನೂ ಇಲ್ಲ.
ಅದಕ್ಕೇ ಬರೆದೆವು. ಆಕೆ ಹೇಳಿದಳು, ನಾನು ಬರೆದೆ,
ಆಕೆಯ ಕೈ ಕಾಲಂ ಮೀರದ ಅಂಕಿಗಳಿಗಷ್ಟೇ ಪಳಗಿದ್ದು.
ಕಾರ್ಡಿನ ಅಂಚಿನವರೆಗೂ
ಹತ್ತೂ ಐದು, ಆರೂ ಹನ್ನೊಂದು, ಗೂಡ್ಸು ಬಂಡಿ, ಎಲ್ಲ.

ತಿಂಗಳ ಮೇಲೆ ಉತ್ತರ ಬಂತು, ಅಚ್ಚು ಹಾಕಿದ್ದು:
*ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ.*
ಜೊತೆಗೆ ಒಂದು ಡಬ್ಬ ಬತ್ತಿ, ಉಚಿತ.

ರುದ್ರಾಣಮ್ಮ ಎರಡು ಸಲ ಓದಿದಳು.
"ನಾನೆಲ್ಲಿ ತೊಂದರೆ ಅಂದೆ?"
ತುಂಬಿದ ಮನೆಯಲ್ಲಿ ಬೇರೆ ಯಾರದೋ ಹೆಸರು ಹಿಡಿದು
ಕರೆಸಿಕೊಂಡವಳ ಹಾಗೆ ನಿಂತಳು.
ಡಬ್ಬ ಮುಟ್ಟಲಿಲ್ಲ.
ಕೆಡದೇ ಇದ್ದದ್ದಕ್ಕೆ ಬದಲಿ ತಗೊಳ್ಳೋದು ಹೆಂಗೆ?
ಅದೀಗ ಮೇಲಿನ ಹಲಗೆಯಲ್ಲಿದೆ, ಕರ್ಪೂರದ ಪಕ್ಕ.
ಮಾರೋಣವೆಂದರೆ ನನ್ನದಲ್ಲ,
ಕೊಡೋಣವೆಂದರೆ ಬೇಕೆಂದವರಿಲ್ಲ.

ಮೆಟ್ಟಿಲಿಳಿದ ಮೇಲೆ ತಲೆಯೆತ್ತಿ
ನನ್ನ ಅಂಗಡಿಯ ಬೋರ್ಡು ಓದಿದಳು.
ಅಪ್ಪನ ಕಾಲದ್ದು, ಬಣ್ಣ ಹಾರಿದ್ದು:
*ಸರಿಯಾದ ತೂಕ, ನಗುಮೊಗದ ಸೇವೆ.*

"ತೂಕ ಸರಿ ಅದೆ ಶೆಟ್ರೇ.
ಮೂರು ಸಲ ಅಂಚೆ ಆಫೀಸಿನ ತಕ್ಕಡೀಲಿ ಇಟ್ಟು ನೋಡಿದೀನಿ."
ಇನ್ನೊಂದರ ಬಗ್ಗೆ ಏನೂ ಹೇಳಲಿಲ್ಲ.
ನಾಲ್ಕೂ ನಲವತ್ತರ ಗಾಡಿಗೆ ಗೇಟು ಹಾಕಬೇಕು ಎಂದು ಹೊರಟುಹೋದಳು.

ಗಾಡಿ ಬಂದದ್ದು ಐದೂಕಾಲಿಗೆ.
ಅಷ್ಟು ಹೊತ್ತೂ ನಾನು
ತಕ್ಕಡಿಯ ತಟ್ಟೆ ಒರೆಸುವ ನೆಪದಲ್ಲಿ
ಅದರಲ್ಲಿ ನನ್ನ ಮುಖ ನೋಡಿಕೊಳ್ಳುತ್ತಿದ್ದೆ.