ಹನ್ನೊಂದನೆಯ ಪತ್ರ

ಈ ಸಲ ಚಿತ್ರವನ್ನೇ ತಪ್ಪು ತಿಳಿದಿದ್ದರು.
"ನಿಮ್ಮ ನದಿಯ ಚಿತ್ರ ಮನ ಕಲಕಿತು, ಆದರೂ..."
ಎತೇರಿ ಎರಡು ಸಲ ಓದಿದಳು,
ಮೂರನೆಯ ಸಲ ನನಗೆ ಕೇಳುವಂತೆ:
ಯಾವ ನದಿ ಮಾರಾಯ, ಗೋಚಾ?

ನಮ್ಮ ಚಿತ್ರದಲ್ಲಿರುವುದು ತಂತಿ.
ಚಿಯಾತುರಾದ ಕಣಿವೆಯ ಮೇಲೆ ತುಕ್ಕು ತಿಂದ ತಂತಿ,
ತಂತಿಗೆ ಜೋತ ತಗಡಿನ ತೊಟ್ಟಿಲು,
ಗಣಿಯ ಮಂದಿಯನ್ನು ಹತ್ತಿಸಿ ಇಳಿಸಿ
ಅದರ ಬಾಗಿಲ ಚಿಲಕ ಹಾಕಿ ತೆಗೆದು
ಮೂವತ್ತೊಂದು ವರ್ಷ ಸವೆಸಿದ ಲಮಾರಾ.
ಕೆಳಗೊಂದು ನದಿ ಹರಿಯುತ್ತದೆ, ಸುಳ್ಳಲ್ಲ,
ಮ್ಯಾಂಗನೀಸ್ ತೊಳೆದು ಮಸಿಯಾದದ್ದು.
ಅತ್ತ ಒಮ್ಮೆಯೂ ಕ್ಯಾಮೆರಾ ಬಾಗಿಸಿದವಳಲ್ಲ ಎತೇರಿ.
ತೋರಿಸಿದರೆ ಜನ ಅದನ್ನೇ ನೋಡುತ್ತಾರೆ, ಎಂದಿದ್ದಳು,
ಲಮಾರಾಳ ಬೆರಳನ್ನು ಬಿಟ್ಟು.

ಹತ್ತು ಪತ್ರಗಳು ಮೊದಲೇ ಬಂದಿದ್ದವು.
ಒಂದರಲ್ಲಿ: ಸಂಘರ್ಷ ಸಾಲದು.
ಇನ್ನೊಂದರಲ್ಲಿ: ದುಃಖ ಸಾಲದು,
ನಮ್ಮ ಕಡೆ ಅದರ ದಾಸ್ತಾನು ಇನ್ನೂ ಇರಬೇಕಲ್ಲ ಎಂಬಂತೆ.
ಒಬ್ಬರು ಮಾತ್ರ, ಅಂಚೆಯಲ್ಲಿ, ಕೈಬರಹದಲ್ಲಿ,
ಹದಿನೇಳನೆಯ ನಿಮಿಷ ಚೆನ್ನಾಗಿದೆ ಎಂದಿದ್ದರು.
ಅವಳು ಹದಿನೇಳನೆಯ ನಿಮಿಷವನ್ನು
ಒಂದು ವಾರ ದ್ವೇಷಿಸಿದಳು.

ಮೊದಲ ಪತ್ರಕ್ಕೆ ಅತ್ತಿದ್ದಳು, ನೆನಪಿದೆ.
ಮೂರನೆಯದಕ್ಕೆ ಊರಿನವರಿಗೆಲ್ಲ ಬೈದು
ನನ್ನ ಮೈಕಿನ ಕೋಲನ್ನು ಗೋಡೆಗೆ ಹೊಡೆದಳು;
ಅದು ಈಗಲೂ ಸೊಟ್ಟ.
ಆರನೆಯದಕ್ಕೆ ಕೂದಲು ಕತ್ತರಿಸಿಕೊಂಡು
ಸಾಕು, ಶಾಲೆಯಲ್ಲಿ ಪಾಠ ಹೇಳುತ್ತೇನೆ ಎಂದು ಹೊರಟು
ಬಸ್ಸು ತಪ್ಪಿ ವಾಪಸು ಬಂದಳು.
ತಪ್ಪಿತೋ, ತಪ್ಪಿಸಿಕೊಂಡಳೋ, ಕೇಳಿಲ್ಲ ನಾನು.
ಆಮೇಲೆ ರಾತ್ರಿ ಪಾಳಿ, ರೊಟ್ಟಿಯಂಗಡಿಯಲ್ಲಿ:
ಬಾವಿಯಂಥ ಒಲೆಯೊಳಗೆ ಸೊಂಟದವರೆಗೆ ಬಾಗಿ
ಹಿಟ್ಟನ್ನು ಅದರ ಗೋಡೆಗೆ ಅಂಟಿಸುವುದು.
ಮುಂಗೈಯ ರೋಮವೆಲ್ಲ ಸುಟ್ಟಿವೆ.
ಬೆಳಿಗ್ಗೆ ಆರಕ್ಕೆ, ಎರಡು ಬಿಸಿ ರೊಟ್ಟಿ ಕಂಕುಳಲ್ಲಿ,
ಹಿಟ್ಟಿನ ಕೈಯಲ್ಲೇ ಎಡಿಟಿಂಗ್ ಕೋಣೆಯ ಬೀಗ ತೆಗೆಯುತ್ತಾಳೆ.
ಕೋಣೆಯೆಂದರೆ ನನ್ನ ಅತ್ತೆಯ ಉಗ್ರಾಣ;
ಉಪ್ಪಿನಕಾಯಿ ಜಾಡಿಗಳ ನಡುವೆ ಒಂದು ಪರದೆ.

ಸಂಜೆಯೊಳಗೆ ತಿಳಿಸುತ್ತೇನೆ ಎಂದಿದ್ದಳಂತೆ;
ಲಮಾರಾಳೇ ಫೋನು ಮಾಡಿದಳು.
ಆಯಿತಾ?
ಇಲ್ಲ.
ಆ ಕಡೆ ಚಹಾ ಕಲಕುವ ಸದ್ದು. ಆಮೇಲೆ:
ಗಾಳಿ ಎದ್ದರೆ ನಾವು ನಡುದಾರಿಯಲ್ಲೇ ನಿಲ್ಲಿಸುತ್ತಿದ್ದೆವು,
ಒಮ್ಮೆ ನಾಲ್ಕು ಗಂಟೆ, ಹನ್ನೆರಡು ಜನ, ಒಂದು ಕೋಳಿ.
ಏನು ಮಾಡಿದಿರಿ?
ಏನು ಮಾಡುವುದು, ಕೋಳಿ ಮೊಟ್ಟೆ ಇಟ್ಟಿತು.

ಎತೇರಿ ನಕ್ಕಳೋ ಇಲ್ಲವೋ ಗೊತ್ತಾಗಲಿಲ್ಲ,
ನನಗೆ ಬೆನ್ನು ಹಾಕಿ ಕೂತಿದ್ದಳು.
ಚಿಲಕದ ದೃಶ್ಯ ತೆರೆದಳು.
ನಾಲ್ಕು ಸೆಕೆಂಡು. ಬೆರಳು, ಕಬ್ಬಿಣ, ಬೆರಳು.
ಒಂದು ಫ್ರೇಮು ತೆಗೆದಳು. ಹಾಕಿದಳು. ತೆಗೆದಳು.
ಈ ಜಗತ್ತಿನಲ್ಲಿ ಯಾರಿಗೂ ಬೇಡದ
ಆ ಒಂದು ಫ್ರೇಮಿಗೆ ನಡುರಾತ್ರಿಯಾಯಿತು.
ಅಂದು ಪಾಳಿಗೂ ಹೋಗಲಿಲ್ಲ.

ಆಮೇಲೆ ಕೇಳಿದಳು: ಇದರ ಕೆಳಗೆ ಏನದು, ಗೂಂ ಎನ್ನುವುದು?
ನಾನು ತಲೆ ಕೆರೆದುಕೊಂಡೆ.
ಒಂಬತ್ತು ತಿಂಗಳು ಸೋಸಿದ್ದೇನೆ ಅದನ್ನು.
ಪ್ರತಿ ರೆಕಾರ್ಡಿಂಗಿನಲ್ಲೂ ಇದೆ, ಮಾತಿನ ಕೆಳಗೆ, ಮೌನದ ಕೆಳಗೆ,
ತಂತಿ ಕಿರುಗುಟ್ಟುವುದರ ಕೆಳಗೆ.
ಹೋಗದು.
ನದಿ, ಎಂದೆ.

ಅವರಿಗೆ ಕೇಳಿಸಿತ್ತು ಎಂದಲ್ಲ.
ಯಾರದೋ ಪತ್ರ ನಮಗೆ ಬಂದಿತ್ತು, ಅಷ್ಟೆ;
ನಮ್ಮದನ್ನು ಹಿಡಿದು ಇನ್ನಾರೋ ಈ ಹೊತ್ತು
ಯಾವ ತಂತಿ, ಯಾವ ತಂತಿ ಎನ್ನುತ್ತಿರಬೇಕು.
ಎತೇರಿ ಇಯರ್‌ಫೋನನ್ನು ಕಿವಿಗೆ ಒತ್ತಿಕೊಂಡು
ಕಣ್ಣು ಮುಚ್ಚಿದಳು.
ಸೋಸಬೇಡ, ಎಂದಳು. ಎರಡು ಗೆರೆ ಏರಿಸು.

ಹನ್ನೆರಡನೆಯದಕ್ಕೆ ಶುಲ್ಕ ನಲವತ್ತು ಯೂರೋ.
ರೊಟ್ಟಿ ಲೆಕ್ಕದಲ್ಲಿ ಅದು ಎಷ್ಟು ಎಂದು
ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿದ್ದಾಳೆ.
ನಾನು ಸ್ಪೀಕರಿಗೆ ಹಾಕಿ ಏರಿಸಿದೆ.
ಜಾಡಿಗಳು ಅದುರಿದವು.