ಸಾವಿರದ ನೂರರಿಂದ ಮುನ್ನೂರರವರೆಗೆ

ಒರೆಸ್ಟನ ತಗಡಿನ ಕಣಜದಲ್ಲಿ ಈಗ ಗೋಧಿ ಇಲ್ಲ,
ವಿಮಾನ ಇದೆ. ಮುಕ್ಕಾಲು ವಿಮಾನ.
ಸಸ್ಕಾಚೆವಾನಿನ ಫೆಬ್ರವರಿ; ಸ್ಪ್ಯಾನರು ಬರಿಗೈಲಿ ಮುಟ್ಟಿದರೆ
ಚರ್ಮ ಅಲ್ಲೇ ಬಿಟ್ಟು ಬರಬೇಕು.

ಎಂಜಿನ್ನು ಹಳ್ಳಕ್ಕೆ ಬಿದ್ದ ಸುಬಾರು ಕಾರಿನದು,
ಗುಜರಿಯಿಂದ ನಾನೇ ಕೊಡಿಸಿದ್ದು, ನಾನ್ನೂರು ಡಾಲರಿಗೆ.
ನಲವತ್ತು ವರ್ಷ ಕೊಯ್ಲುಯಂತ್ರ ರಿಪೇರಿ ಮಾಡಿದವಳು;
ಈಗ ಬಾಲ ಹಿಡಿದು ನಿಲ್ಲುವ ಕೆಲಸ.

ಶುರುವಾಯಿತೋ, ಹಲ್ಲಿನ ಜಗಳ.
ದೊಡ್ಡ ಗಾಲಿಯ ಹಲ್ಲು, ಚಿಕ್ಕ ಗಾಲಿಯ ಹಲ್ಲು,
ಕಟಕಟ ಕಟಕಟ,
ಹೊಟ್ಟೆಯಲ್ಲಿ ಹುಳವಿರುವ ಮಗು ನಿದ್ದೆಯಲ್ಲಿ ಕಡಿದಂತೆ.
ಬೆಂಚಿನ ಮೇಲಿನ ಪೆನ್ಸಿಲು ತಾನೇ ನಡೆದು ಹೋಗಿ
ಅಂಚಿನಿಂದ ಬೀಳುತ್ತದೆ.
ನಡುವಿನ ರಬ್ಬರು ಬಿಲ್ಲೆ ಇದು ಮೂರನೆಯದು;
ಮೊದಲಿನವೆರಡು, ಹರಿದ ಚಪ್ಪಲಿ, ಗೂಟಕ್ಕೆ ನೇತಾಡುತ್ತಿವೆ.

ಕಿವಿಗೆ ಅದು ಒಂದೇ ಸ್ವರ, ಎಳೆದ ದಾರ.
ದಂಡಕ್ಕೆ ಮಾತ್ರ ಗೊತ್ತು, ಏಟು:
ಸುತ್ತಿಗೆ ಎರಡೇಟು. ಸುತ್ತಿಗೆಯೇ ಅದು.
ಮುಂದಿನ ಮರದ ಅಲಗು ತನ್ನ ಪಾಡಿಗೆ ತೂಗುವಾಗ
ಏಟು ಅದೇ ತೂಗಿಗೆ ಬಿದ್ದರೆ,
ಉಯ್ಯಾಲೆ ತೂಗಿದವರಿಗೆ ಗೊತ್ತು,
ಬೆರಳು ತಾಗಿಸಿದರೂ ಆಳೆತ್ತರ.
ಉಕ್ಕು ಹಾಗೇ ಮುರಿಯುತ್ತದೆ.

ದಪ್ಪ ದಂಡ ಹಾಕೋಣ ಎಂದವಳು ನಾನು. ಹಾಕಿದೆವು.
ನಡುಕ ಹೋಗಲಿಲ್ಲ, ಮನೆ ಬದಲಾಯಿಸಿತು;
ನಾವು ಹಾರಬೇಕಾದ ವೇಗಕ್ಕೇ ಬಂದು ಕೂತಿತು.
ಬಿಚ್ಚಿ ಮತ್ತೆ ಸಣ್ಣದು ಹಾಕಲು ಹನ್ನೊಂದು ದಿನ.
ಒರೆಸ್ಟ್ ಏನೂ ಅನ್ನಲಿಲ್ಲ.
ಅನ್ನದಿರುವುದೂ ಒಂದು ಬೈಗುಳ.

ಅದು ಇದ್ದೇ ಇರುತ್ತದೆ.
ಎಲ್ಲಿರಬೇಕೆಂದು ಮಾತ್ರ ನಾವು ಹೇಳಬಹುದು.
ಸಾವಿರದ ನೂರರಿಂದ ಮುನ್ನೂರರವರೆಗೆ ಅದರ ಜಾಗ,
ಕಚ್ಚುವ ನಾಯಿಯ ಗೇಟು ದಾಟಿದ ಹಾಗೆ
ದಾಟಿಬಿಡಬೇಕು.

ಡಯಲಿನ ಮೇಲೆ ಕೆಂಪು ಗೆರೆ ಬೇಕಿತ್ತು. ಬಣ್ಣ ಇರಲಿಲ್ಲ.
ಒರೆಸ್ಟ್ ಮನೆಯೊಳಗೆ ಹೋದವನು ಬಹಳ ಹೊತ್ತಿಗೆ ಬಂದ,
ಕೈಯಲ್ಲಿ ಸ್ಟೆಫಾನಿಯಾಳ ಉಗುರುಬಣ್ಣ.
ಆರು ವರ್ಷದಿಂದ ತೆರೆಯದ ಮುಚ್ಚಳ;
ಇಕ್ಕಳ ಹಿಡಿದು ತಿರುಗಿಸಿದೆ.
ಅರ್ಧ ಗಟ್ಟಿ. ಎರಡು ಹನಿ ಥಿನ್ನರು.
ಗೆರೆ ಅವನೇ ಎಳೆದ. ಸ್ವಲ್ಪ ಸೊಟ್ಟ.

ಮತ್ತೆ ಶುರು. ನಾನು ಬಾಲ ಹಿಡಿದೆ.
ಮುಳ್ಳು ಕೆಂಪಿನೊಳಗೆ ಹೊಕ್ಕಿತು,
ಕಟಕಟ,
ಅವನ ಕೈ ಒಂದು ಗಳಿಗೆ ಅಲ್ಲೇ ನಿಂತಿತು.
ತಳ್ಳೋ, ಎಂದು ಕೂಗಿದೆ.

ತಳ್ಳಿದ.
ಪೆನ್ಸಿಲು ಬೆಂಚಿನ ನಡುವೆ ನಿಂತುಬಿಟ್ಟಿತು.