ಕಾಲಂ ಹನ್ನೊಂದು

ಕೊನೆಯ ದಿನ ಮಾರ್ಚ್ ಹದಿನೈದು, ಸಂಜೆ ಐದು.
ಈಗ ಹನ್ನೊಂದೂವರೆ. ಪೊನ್ನಂಪೇಟೆಯ ಬಿಸಿಲು
ಕಾಲೇಜಿನ ತಗಡಿನ ಮೇಲೆ ಟಿಕ್ ಟಿಕ್ ಎನ್ನುತ್ತಿದೆ.
ನಾನು ಕೇಳುತ್ತಿರುವುದು ಮೂರು ವರ್ಷ,
ಮತ್ತು ಸಾಸಿವೆಗಿಂತ ತುಸುವೇ ದೊಡ್ಡದಾದ
ಬಸವನಹುಳುವಿನ ಲೆಕ್ಕ ಇಡಲು ಒಂದಿಷ್ಟು ದುಡ್ಡು.

ನಿಜ ಹೇಳಬೇಕೆಂದರೆ ನನಗೆ ಬೇಕಾದದ್ದು
ಜಿಗಣೆ ಹತ್ತದ ಕಾಲುಚೀಲ ಆರು ಜೊತೆ,
ಎರಡು ಜರಡಿ, ಜೀಪಿಗೆ ಡೀಸೆಲ್,
ಬೊಳ್ಳಿಯ ಕೂಲಿ, ರುಬೀನಾಳ ಫೆಲೋಶಿಪ್.
ಕೂಡಿದರೆ ಒಂಬತ್ತು ಲಕ್ಷ ದಾಟದು.
ಪೋರ್ಟಲ್ ಕೆಂಪಕ್ಷರದಲ್ಲಿ ಹೇಳುತ್ತದೆ:
ಇಪ್ಪತ್ತೈದಕ್ಕಿಂತ ಕಡಿಮೆ ಕೇಳುವಂತಿಲ್ಲ.
ಇಡೀ ಹಂದಿ ತಿನ್ನದಿದ್ದರೆ
ಎಲೆಯನ್ನೇ ಹಾಕುವುದಿಲ್ಲ ಎಂದ ಹಾಗೆ.

ಹಾಗಾಗಿ ಒಂದು ಸೂಕ್ಷ್ಮದರ್ಶಕ ಬರೆದೆ,
ಜರ್ಮನಿಯದು, ಕ್ಯಾಮೆರಾ ಸಮೇತ.
ಅದನ್ನು ಇಡಲು ಎಸಿ ಕೋಣೆ ಬರೆದೆ,
ಎಸಿಗೆ ಸ್ಟೆಬಿಲೈಸರ್.
ಈಗ ಯೋಜನೆ ದೊಡ್ಡದಾಗಿ ಕಾಣುತ್ತಿದೆ.
ಹುಳು ಅಷ್ಟೇ ಇದೆ.

ಹಳೆಯ ಅನುದಾನದ ಲೆಕ್ಕ ಚುಕ್ತಾ ಆಗದೆ
ವೀಣಾಕ್ಷಿ ಮೇಡಂ ಹೊಸ ಅರ್ಜಿಗೆ ಮುದ್ರೆ ಒತ್ತುವವರಲ್ಲ.
ಈ ನಲವತ್ತೇಳು ರೂಪಾಯಿ ಎಲ್ಲಿ?
ತಿತಿಮತಿಯಲ್ಲಿ ಮೂರು ಚಹಾ, ಒಂದು ಬನ್ನು, ಮೇಡಂ.
ಬಿಲ್?
ಆ ಅಂಗಡಿಯವನು ಸೀಮೆಸುಣ್ಣದಲ್ಲಿ ಕಂಬದ ಮೇಲೆ ಬರೆಯುತ್ತಾನೆ.
ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.
ಚಿಲ್ಲರೆ ಎಣಿಸಿ ಕೊಟ್ಟೆ, ಅದಕ್ಕೆ ರಸೀದಿ ಕೊಟ್ಟರು.
ಮುದ್ರೆ ಬಿತ್ತು, ನೀಲಿ, ಸ್ವಲ್ಪ ವಾರೆ.

ಕಾಲಂ ಏಳು: ಇದರಿಂದ ದೇಶಕ್ಕೇನು ಉಪಯೋಗ?
ಇನ್ನೂರು ಪದಗಳಲ್ಲಿ.
ಚಿಪ್ಪಿನಲ್ಲಿ ಸುಣ್ಣ, ಸುಣ್ಣ ತಿಂದ ಹಕ್ಕಿಯ ಮೊಟ್ಟೆ ಗಟ್ಟಿ.
ಏಳಾಯಿತು. ಉಳಿದ ನೂರ ತೊಂಬತ್ತಮೂರರಲ್ಲಿ
ಸುಸ್ಥಿರ, ಸಮಗ್ರ, ಹವಾಮಾನ, ನೀತಿನಿರೂಪಕರು.

ಕಾಲಂ ಹನ್ನೊಂದು: ಸಿಬ್ಬಂದಿ.
ಬೊಳ್ಳಿಗೆ ಹುಡುಕುವುದನ್ನು ಕಲಿಸಿದ್ದು ನಾನು ಎಂದು
ಹಿಂದೊಂದು ವರದಿಯಲ್ಲಿ ಬರೆದಿದ್ದೇನೆ. ಸುಳ್ಳು.
ದೇವರಕಾಡಿನ ಅಂಚಿನಲ್ಲಿ ಎರಡು ಗಂಟೆ ಕುಕ್ಕರುಗಾಲಲ್ಲಿ ಕೂತು
ನನಗೂ ರುಬೀನಾಳಿಗೂ ಸಿಕ್ಕಿದ್ದು ಎಲೆ, ಎಲೆ, ಒಂದು ಶರಟಿನ ಗುಂಡಿ.
ಅವಳು ಬಂದಳು. ಎಲೆ ಮುಟ್ಟಲಿಲ್ಲ.
ಕೊಳೆತ ಬೈನೆಯ ಬುಡದ ಮಣ್ಣು ಮೂಸಿ
‘ಇಲ್ಲಿ ಮಲಗಿವೆ’ ಎಂದಳು.
ಹದಿನೇಳಿದ್ದವು, ಬಾಯಿಗೆ ಬಿಳಿ ಪರೆ ಎಳೆದುಕೊಂಡು.
‘ಸಹ ಸಂಶೋಧಕರು’ ಎಂಬಲ್ಲಿ ಬೊಳ್ಳಿ ಎಂದು ಟೈಪಿಸಿದೆ.
ಪದವಿ? ಪಟ್ಟಿ ಕೆಳಗಿಳಿಯಿತು:
ಪಿಎಚ್‌ಡಿ, ಎಂಟೆಕ್, ಎಂವಿಎಸ್ಸಿ, ಎಂಎಸ್ಸಿ.
ಕೊನೆಗೊಂದು ‘ಇತರೆ’ ಕೂಡ ಇಲ್ಲ,
ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ.
ಅವಳನ್ನು ಬಜೆಟ್ಟಿಗೆ ಇಳಿಸಿದೆ:
ಅಕುಶಲ ಕಾರ್ಮಿಕರು, ದಿನಗೂಲಿ, ಸಂಖ್ಯೆ ಒಂದು.
ಆ ಮೊದಲ ‘ಅ’ದ ಪಕ್ಕ
ಕರ್ಸರು ಬಹಳ ಹೊತ್ತು ಮಿಟುಕಿತು.
ಅಳಿಸಿದೆ. ಪೋರ್ಟಲ್ ಒಪ್ಪಲಿಲ್ಲ. ಮತ್ತೆ ಹಾಕಿದೆ.

ನಾಲ್ಕೂ ಇಪ್ಪತ್ತಕ್ಕೆ ಗೋಣಿಕೊಪ್ಪದ ಕಡೆಯಿಂದ ಗುಡುಗು.
‘ಹೂಮಳೆ!’ ಕಾರಿಡಾರಿನಲ್ಲಿ ಯಾರೋ ಕೂಗಿದರು.
ಕರೆಂಟು ಹೋಯಿತು. ಯುಪಿಎಸ್ ಕೀಂ ಎಂದಿತು.
ಜನರೇಟರಿಗೆ ಡೀಸೆಲ್ ನಾಳೆ ಎಂದ ಅಟೆಂಡರ್ ಐಯಣ್ಣ,
ಮುಖದ ತುಂಬ ನಗು. ಅವನದೂ ಮೂರು ಎಕರೆ ರೊಬಸ್ಟಾ ಇದೆ.

ನೀರಿನ ಟ್ಯಾಂಕಿನ ಬಳಿ ಮಾತ್ರ ಎರಡು ಗೆರೆ ಸಿಗ್ನಲ್.
ನಾನು ಲ್ಯಾಪ್‌ಟಾಪ್ ಹಿಡಿದು, ರುಬೀನಾ ಕೊಡೆಯನ್ನೂ ಫೋನನ್ನೂ ಹಿಡಿದು
ಎಂಬತ್ತನಾಲ್ಕು ಪುಟ ಮೇಲೇರುವುದನ್ನು ನೋಡುತ್ತ.
ಶೇಕಡಾ ಅರವತ್ತು. ಅರವತ್ತು. ಅರವತ್ತೊಂದು.

ಅತ್ತ ನರ್ಸರಿಯ ಪಾತಿಯಲ್ಲಿ, ಆ ಹದಿನೇಳರ ಮುಂದೆ
ಗೊಬ್ಬರದ ಚೀಲ ಕವಿಚಿಕೊಂಡು ಬೊಳ್ಳಿ:
‘ಮೇಡಂ, ಬಾಯಿ ಬಿಡ್ತಾ ಇದಾವೆ, ಬನ್ನಿ!’
ವರ್ಷಕ್ಕೊಮ್ಮೆ, ಮೊದಲ ಮಳೆಗೆ.
ಅದನ್ನು ಕಣ್ಣಾರೆ ಕಂಡು ದಾಖಲಿಸುವುದೇ
ನನ್ನ ಅರ್ಜಿಯ ಮೊದಲ ಉದ್ದೇಶ, ಪುಟ ಆರು.
‘ಬಂದೆ’ ಎಂದೆ.
ಎಪ್ಪತ್ತೆಂಟು.
‘ಬಂದೆ ಬೊಳ್ಳಿ, ಒಂದು ನಿಮಿಷ.’
ತೊಂಬತ್ತೆರಡು.
‘ಬಂದೆ.’

ನಾಲ್ಕೂ ಐವತ್ತೆಂಟಕ್ಕೆ ಹದಿನಾಲ್ಕು ಅಂಕಿಯ ಸ್ವೀಕೃತಿ ಬಂತು.
ಓಡಿದೆ. ಪಾತಿಯಲ್ಲಿ ಹರಿದ ಪರೆಯ ಚೂರು,
ಎಲೆಯಡಿ ಹೋಗುತ್ತಿರುವ ಒಂದು ಹೊಳಪು.
‘ಎಷ್ಟು ಹೊತ್ತು ಹಿಡೀತು?’ ಕೇಳಿದೆ.
ಬೊಳ್ಳಿ ಯೋಚಿಸಿದಳು.
‘ನೀವು ಮೂರು ಸಲ ಬಂದೆ ಅಂದಿರಲ್ಲ, ಅಷ್ಟು.’
ರುಬೀನಾ ಒದ್ದೆ ಪುಸ್ತಕದಲ್ಲಿ
ಅದನ್ನೇ ಬರೆದುಕೊಂಡಳು.